ನಾಲ್ವರು ಹುಡುಗರು, ಒಂದು ಧ್ವನಿಮುದ್ರಿಕೆ

ಈ ಬಾರಿಯ ಲೇಖನದ ವಿಷಯವನ್ನು ಕಂಡು ನನ್ನ ಹಳೆಯ ವಿದ್ಯಾರ್ಥಿಗಳು ಹುಬ್ಬೇರಿಸುವುದು ಖಂಡಿತ. ಹೊಯ್ಸಳರು, ಬಹಮನಿ ಸುಲ್ತಾನರು, ಫ್ರಾನ್ಸಿನ ಮಹಾಕ್ರಾಂತಿ ಎಂದು ಬರೆದುಕೊಂಡಿದ್ದ ಮೇಷ್ಟ್ರಿಗೆ ಈ ವಯಸ್ಸಿನಲ್ಲಿ ಇದೇನು ಬಂತು ಎಂದು ಮನೆಯಲ್ಲಿಯೂ ಕೇಳಿದ್ದಾರೆ. ಕಾರಣ ನನ್ನ ಅಣ್ಣನ ಮಗ. 2007ರ ಮಾರ್ಚ್ ತಿಂಗಳಿನಲ್ಲಿ ಐರನ್ ಮೇಡನ್ ಎಂಬ ಇಂಗ್ಲೆಂಡಿನ ತಂಡ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಛೇರಿ ನಡೆಸಿದಾಗ ರಾತ್ರಿ ಬಸ್ಸು ಹತ್ತಿ ಹೋಗಿ ಬಂದವನು ಅವನು. "ಚಿಕ್ಕಪ್ಪ, ಈ ಸಂಗೀತಕ್ಕೂ ಒಂದು ಇತಿಹಾಸ ಇದೆ, ನೀವೇ ಒಂದ್ಸಲ ಬರೀಬೇಕು" ಎಂದು ಅಂದಿನಿಂದ ಹಟ ಹಿಡಿದಿದ್ದಾನೆ. ಕೊನೆಗೆ ಸೋತು, ಎರಡು ಮೂರು ತಿಂಗಳು ಸಿಕ್ಕಿದ್ದನ್ನೆಲ್ಲ ಓದಿ, ಅವನು ತಂದುಕೊಟ್ಟ ಧ್ವನಿಮುದ್ರಿಕೆಗಳನ್ನೂ ಕೇಳಿದೆ. ಎಲ್ಲವೂ ಹಿಡಿಸಿತೆಂದು ಹೇಳಲಾರೆ. ಆದರೆ ಅವುಗಳಲ್ಲಿ ಒಂದರ ಕಥೆ ನನ್ನನ್ನು ಹಿಡಿದು ನಿಲ್ಲಿಸಿತು. ಅದನ್ನು ನುಡಿಸಿದ ಹುಡುಗರ ವಯಸ್ಸು ಅದಕ್ಕಿಂತಲೂ ಹೆಚ್ಚಾಗಿ.

ಆ ತಂಡದ ಹೆಸರು ಎಂಪರರ್, ಅಂದರೆ ಚಕ್ರವರ್ತಿ. ನಾರ್ವೆ ದೇಶದ ತಂಡ. ಮುಂದೆ 2001ರವರೆಗೂ ಆ ಹೆಸರಿನಲ್ಲಿ ಸಂಗೀತ ಹೊರಬಂದಿತಾದರೂ ನಾನು ಹೇಳಹೊರಟಿರುವುದು ಅದರ ಮೊದಲ ರೂಪವನ್ನು ಕುರಿತು. 1991ರಲ್ಲಿ ಹುಟ್ಟಿ, 1993ರ ಬೇಸಗೆಯಲ್ಲಿ ಒಂದು ಪೂರ್ಣ ಧ್ವನಿಮುದ್ರಿಕೆಯನ್ನು ಸಿದ್ಧಪಡಿಸಿ, ಅದು ಅಂಗಡಿಗೆ ಬರುವ ಹೊತ್ತಿಗಾಗಲೇ ಒಡೆದುಹೋಗಿದ್ದ ತಂಡ ಅದು.

ಮೊದಲಿಗೆ ಪರಿಭಾಷೆಯ ವಿಚಾರ. ಹೆವಿ ಮೆಟಲ್ ಎಂಬುದು ವಿದ್ಯುತ್ ಗಿಟಾರಿನ ಗಡಸು ನಾದವನ್ನು ಆಧರಿಸಿದ ಪಾಶ್ಚಾತ್ಯ ಸಂಗೀತ ಪ್ರಕಾರವೆಂದು ಹಲವರಿಗೆ ಗೊತ್ತಿದ್ದೀತು. ಅದರ ಒಂದು ಕವಲು ಬ್ಲ್ಯಾಕ್ ಮೆಟಲ್. ವೆನಮ್ ಎಂಬ ಇಂಗ್ಲಿಷ್ ತಂಡ 1982ರಲ್ಲಿ ತನ್ನ ಧ್ವನಿಮುದ್ರಿಕೆಗೆ ಇಟ್ಟ ಹೆಸರೇ ಕವಲಿನ ಹೆಸರಾಯಿತು. ಸ್ವೀಡನ್ನಿನ ಬಾಥೊರಿ ಎಂಬ ತಂಡ ಅದಕ್ಕೆ ಇನ್ನಷ್ಟು ಕರಾಳವಾದ ರೂಪ ಕೊಟ್ಟಿತು. ಸೈತಾನನ ಸ್ತುತಿ, ಕ್ರೈಸ್ತ ಧರ್ಮದ ನಿಂದೆ, ಹೆಣದಂತೆ ಕಾಣಲು ಮುಖಕ್ಕೆ ಬಳಿದ ಬಿಳಿ ಕಪ್ಪು ಬಣ್ಣ, ಗಂಟಲು ಹರಿಯುವಂತಹ ಕಿರುಚು ಇವೆಲ್ಲ ಅದರ ಲಕ್ಷಣಗಳು. ಇಂಗ್ಲೆಂಡಿನವರಿಗೆ ಇದು ಬಹುಮಟ್ಟಿಗೆ ವೇಷವಾಗಿತ್ತು. ನಾರ್ವೆಯ ಹುಡುಗರು ವೇಷವನ್ನೇ ನಿಜವೆಂದು ನಂಬಿದರು. ಮುಂದಿನ ಅನಾಹುತಗಳಲ್ಲಿ ಹೆಚ್ಚಿನವು ಇದರಿಂದಲೇ ಹುಟ್ಟಿದವು ಎಂಬುದು ನನ್ನ ಅಭಿಪ್ರಾಯ.

ಟೆಲೆಮಾರ್ಕ್ ಪ್ರಾಂತ್ಯದಲ್ಲಿ ನೋಟೊಡೆನ್ ಎಂಬ ಸಣ್ಣ ಪಟ್ಟಣವಿದೆ. ಸುತ್ತಲಿನ ಹಳ್ಳಿಗಳನ್ನು ಸೇರಿಸಿದರೂ ಸುಮಾರು 13,000 ಜನ. ವಿಜ್ಞಾನದ ಮೇಷ್ಟ್ರುಗಳಿಗೆ ಈ ಊರು ಗೊತ್ತಿರಬೇಕು. ಗಾಳಿಯಲ್ಲಿರುವ ಸಾರಜನಕವನ್ನು ವಿದ್ಯುತ್ತಿನ ಬಲದಿಂದ ಹಿಡಿದು ಗೊಬ್ಬರ ಮಾಡುವ ವಿಧಾನವನ್ನು ಬಿರ್ಕೆಲ್ಯಾಂಡ್ ಮತ್ತು ಐಡೆ ಎಂಬಿಬ್ಬರು ಕಂಡುಹಿಡಿದರಷ್ಟೆ. ಅದನ್ನು ನಂಬಿ 1905ರಲ್ಲಿ ನಾರ್ಸ್ಕ್ ಹೈಡ್ರೋ ಕಂಪನಿ ಕಾರ್ಖಾನೆ ತೆರೆದದ್ದು ಇಲ್ಲಿಯೇ, ಜಲಪಾತಗಳ ವಿದ್ಯುತ್ತು ಕೈಗೆಟಕುವಂತಿದ್ದ ಕಾರಣ. 2015ರಲ್ಲಿ ಯುನೆಸ್ಕೋ ಸಂಸ್ಥೆ ಈ ಊರನ್ನೂ ನೆರೆಯ ರ‍್ಯುಕಾನ್ ಅನ್ನೂ ಕೈಗಾರಿಕಾ ಪರಂಪರೆಗಾಗಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇದೇ ಊರಿನಲ್ಲಿ 1988ರಿಂದ ವರ್ಷವರ್ಷವೂ ಬ್ಲೂಸ್ ಸಂಗೀತದ ಉತ್ಸವ ನಡೆಯುತ್ತದೆ. ಊರ ಪಕ್ಕದ ಹೆಡ್ಡಾಲ್‌ನಲ್ಲಿ 13ನೆಯ ಶತಮಾನದ ಮರದ ಚರ್ಚು ನಿಂತಿದೆ. ನಾರ್ವೆಯಲ್ಲಿ ಉಳಿದಿರುವ ಅಂತಹ ಚರ್ಚುಗಳಲ್ಲಿ ಅದೇ ಅತಿ ದೊಡ್ಡದು. ಹಸಿವಿನಿಂದಾಗಲಿ ದಬ್ಬಾಳಿಕೆಯಿಂದಾಗಲಿ ಕೆರಳಿದ ಮಕ್ಕಳ ಊರು ಅದಲ್ಲವೆಂದು ತಿಳಿದಿರಲೆಂದೇ ಇಷ್ಟನ್ನು ಹೇಳಿದೆ.

ಇಲ್ಲಿನ ವೇಗಾರ್ಡ್ ಸ್ವೆರೆ ಟ್ವೆಯ್ಟನ್ ಎಂಬ ಹುಡುಗ 1975ರ ಅಕ್ಟೋಬರಿನಲ್ಲಿ ಹುಟ್ಟಿದವನು. ಬಾಲ್ಯದಲ್ಲಿ ಪಿಯಾನೊ ಕಲಿತು ಅನಂತರ ಗಿಟಾರಿಗೆ ಬಂದ. ಅವನಿಗಿಂತ ಒಂದು ವರ್ಷ ದೊಡ್ಡವನು ತೊಮಾಸ್ ಹಾಉಗೆನ್. ಎಳೆಯ ಹುಡುಗರಿಗಾಗಿ ನಡೆದ ರಾಕ್ ಸಂಗೀತದ ಶಿಬಿರವೊಂದರಲ್ಲಿ ಇಬ್ಬರಿಗೂ ಸ್ನೇಹವಾಯಿತು. ಒಂದಾದ ಮೇಲೊಂದು ತಂಡ ಕಟ್ಟುವುದು, ಆರು ತಿಂಗಳಿಗೆ ಹೆಸರು ಬದಲಿಸುವುದು, ಮತ್ತೆ ಕಟ್ಟುವುದು ಹೀಗೆ ಸಾಗಿತು. 1991ರಲ್ಲಿ ಎಂಪರರ್ ಎಂಬ ಹೆಸರು ಬಂತು. ಆಗ ವೇಗಾರ್ಡನಿಗೆ ಹದಿನೈದು ಮುಗಿದು ಹದಿನಾರರ ಆಸುಪಾಸು, ಎಂದರೆ ನಮ್ಮ ಎಸ್‌ಎಸ್‌ಎಲ್‌ಸಿ ವಯಸ್ಸು. ಅವನು ಇಸಾನ್ ಎಂಬ ಹೆಸರನ್ನು ಇಟ್ಟುಕೊಂಡ. ಗೆಳೆಯ ಥಾಮಸ್ ಎಂಬುದರ ಇಂಗ್ಲಿಷ್ ಅಕ್ಷರಗಳನ್ನು ತಿರುಗಿಸಿ ಬರೆದು ಸಮೋತ್ ಆದ. ಮೂವತ್ತಕ್ಕೂ ಹೆಚ್ಚು ವರ್ಷ ಪುಸ್ತಕ ತಿದ್ದಿದವನಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ನೋಟ್ ಪುಸ್ತಕದ ಕೊನೆಯ ಹಾಳೆಯಲ್ಲಿ ತಲೆಬುರುಡೆ ಬರೆದು, ತನ್ನ ಹೆಸರನ್ನು ಹಿಂದುಮುಂದು ಮಾಡಿ, ಅದರ ಕೆಳಗೆ ಸಹಿ ಅಭ್ಯಾಸ ಮಾಡದ ಹುಡುಗ ಯಾವ ತರಗತಿಯಲ್ಲಿದ್ದಾನೆ? ಈ ಲೇಖನ ಓದುತ್ತಿರುವ ಕೆಲವರು ಈಗ ನಗುತ್ತಿರಬಹುದು. ಹೆಸರು ಹೇಳುವುದಿಲ್ಲ.

1992ರಲ್ಲಿ ಈ ಹುಡುಗರು ನಾಲ್ಕು ಪಥದ ಟೇಪ್ ಯಂತ್ರದಲ್ಲಿ ಮೊದಲ ಕ್ಯಾಸೆಟ್ಟನ್ನು ಮುದ್ರಿಸಿದರು. ಸಮೋತ್ ಆಗ ಡ್ರಮ್ಸನ್ನೂ ಬಾರಿಸುತ್ತಿದ್ದ. ಅದೇ ಊರಿನ ಇನ್ನೊಬ್ಬ, ಮಾರ್ಟಿಸ್ ಎಂಬ ಹೆಸರಿನವನು, ಬೇಸ್ ಗಿಟಾರ್ ನುಡಿಸುತ್ತಿದ್ದು ಆ ವರ್ಷವೇ ತಂಡ ಬಿಟ್ಟ. ಕ್ಯಾಸೆಟ್ಟು ಕೇಳಲು ಬಲು ಒರಟು, ತಗಡಿನ ಡಬ್ಬಿಯೊಳಗೆ ಬಿರುಗಾಳಿ ಹೊಕ್ಕಂತೆ. ಅದು ಮಾರಾಟವಾಗುತ್ತಿದ್ದುದು ಅಂಗಡಿಯಲ್ಲಲ್ಲ, ಅಂಚೆಯಲ್ಲಿ. 'ಭೂಗತ' ಎಂದೊಡನೆ ನಮ್ಮ ಪತ್ರಿಕೆಗಳ ಓದುಗರಿಗೆ ಪಾತಕಿಗಳು ನೆನಪಾಗುತ್ತಾರೆ. ಸಂಗೀತದಲ್ಲಿ ಅದರ ಅರ್ಥ ಬೇರೆ: ದೊಡ್ಡ ಕಂಪನಿಗಳ ಕಣ್ಣಿಗೆ ಬೀಳದೆ ಕೈಯಿಂದ ಕೈಗೆ ಹೋಗುವ ಸಂಗೀತ. ಬ್ರೆಜಿಲ್, ಪೋಲೆಂಡ್, ಜಪಾನ್ ಎಲ್ಲೆಲ್ಲಿಂದಲೋ ಹುಡುಗರು ಪರಸ್ಪರ ಕಾಗದ ಬರೆದು, ಕ್ಯಾಸೆಟ್ಟಿಗೆ ಕ್ಯಾಸೆಟ್ಟು ಬದಲಾಯಿಸಿಕೊಳ್ಳುತ್ತಿದ್ದರು. ಅಂಚೆಚೀಟಿಯ ಮೇಲೆ ಅಂಟು ಸವರಿ ಕಳುಹಿಸಿ, ಮುದ್ರೆ ತೊಳೆದು ಅದೇ ಚೀಟಿಯನ್ನು ಮತ್ತೆ ಬಳಸುವ ಜಾಣತನವೂ ಅವರಲ್ಲಿ ರೂಢಿಯಲ್ಲಿತ್ತು. ಕೈಯಲ್ಲಿ ಬರೆದು, ಬೆರಳಚ್ಚು ಮಾಡಿ, ನೆರಳಚ್ಚು ತೆಗೆದು ಹಂಚುವ ಪುಟ್ಟ ಪತ್ರಿಕೆಗಳಿದ್ದವು. ಅಂತಹ ಒಂದು ಪತ್ರಿಕೆ ನಡೆಸುತ್ತಿದ್ದ ಬೋರ್ಡ್ ಐತುನ್ ಎಂಬ ಹುಡುಗ 1992ರಲ್ಲಿ ಎಂಪರರ್ ತಂಡಕ್ಕೆ ಡ್ರಮ್ಸ್ ಬಾರಿಸಲು ಬಂದ. ಅವನು ಇಟ್ಟುಕೊಂಡ ಹೆಸರು ಫೌಸ್ಟ್.

ಈ ಹುಡುಗರೆಲ್ಲ ಬಂದು ಸೇರುತ್ತಿದ್ದ ಸ್ಥಳ ಓಸ್ಲೋ ನಗರದ ಒಂದು ಅಂಗಡಿ. 'ಹೆಲ್ವೆಟೆ', ಅಂದರೆ ನರಕ, ಎಂದು ಅದರ ಹೆಸರು. 1991ರಲ್ಲಿ ಅದನ್ನು ತೆರೆದವನು ಮೇಹೆಮ್ ಎಂಬ ತಂಡದ ಗಿಟಾರ್ ವಾದಕ ಓಯ್‌ಸ್ಟೈನ್ ಓರ್ಸೆತ್. ಯೂರೋನಿಮಸ್ ಎಂಬುದು ಅವನ ಬಿರುದು. ಇವರಿಗಿಂತ ಕೆಲವೇ ವರ್ಷ ದೊಡ್ಡವನು. ಯಾರು ಹೆಚ್ಚು ಕಠೋರ, ಯಾರು ಹೆಚ್ಚು ನಿಜವಾದ ಸೈತಾನಭಕ್ತ ಎಂಬುದೇ ಅಲ್ಲಿನ ಮಾನದಂಡವಾಗಿತ್ತೆಂದು ಅವರಲ್ಲಿಯೇ ಹಲವರು ಅನಂತರ ಹೇಳಿಕೊಂಡಿದ್ದಾರೆ. ಮಾತಿನಲ್ಲಿ ಒಬ್ಬ ಒಂದು ಮೆಟ್ಟಿಲು ಹತ್ತಿದರೆ ಇನ್ನೊಬ್ಬ ಎರಡು ಹತ್ತಬೇಕು. ಹದಿಹರೆಯದ ಹುಡುಗರ ಗುಂಪಿನಲ್ಲಿ ತಡೆಯುವ ಹಿರಿಯನೊಬ್ಬನೂ ಇಲ್ಲದಿದ್ದರೆ ಇದು ಎಲ್ಲಿಗೆ ಮುಟ್ಟುತ್ತದೆಂದು ಹೇಳಲು ಬಿ.ಇಡಿ. ಪದವಿ ಬೇಕಿಲ್ಲ.

1992ರ ಜೂನ್ 6ರಂದು ಬರ್ಗೆನ್ ನಗರದ ಹೊರವಲಯದ ಫಾಂಟಾಫ್ಟ್ ಚರ್ಚು ಸುಟ್ಟು ಬೂದಿಯಾಯಿತು. ಇದು 'ಸ್ಟಾವ್' ಎಂಬ ಜಾತಿಯ ಮರದ ಚರ್ಚು. 12ನೆಯ ಶತಮಾನದಲ್ಲಿ ಬೇರೊಂದು ಊರಿನಲ್ಲಿ ಕಟ್ಟಿದ್ದನ್ನು 1883ರಲ್ಲಿ ಬಿಚ್ಚಿ ಇಲ್ಲಿಗೆ ತಂದು ನಿಲ್ಲಿಸಿದ್ದರು. ಆ ಕೃತ್ಯಕ್ಕಾಗಿ ಇಂದಿನವರೆಗೂ ಯಾರಿಗೂ ಶಿಕ್ಷೆಯಾಗಿಲ್ಲ. ಆದರೆ ದಾರಿ ತೆರೆದಂತಾಯಿತು. 1996ರ ಹೊತ್ತಿಗೆ ನಾರ್ವೆಯಲ್ಲಿ ಕನಿಷ್ಠ 50 ಚರ್ಚುಗಳ ಮೇಲೆ ಇಂತಹ ದಾಳಿಗಳಾದವು.

ಇಲ್ಲಿ ಇತಿಹಾಸದ ಮೇಷ್ಟ್ರಾಗಿ ಸ್ವಲ್ಪ ನಿಲ್ಲಬೇಕು. ಆ ಹುಡುಗರ ವಾದ ಹೀಗಿತ್ತು: ಸಾವಿರ ವರ್ಷದ ಹಿಂದೆ ಕ್ರೈಸ್ತ ಧರ್ಮ ಕತ್ತಿಯ ಬಲದಿಂದ ನಮ್ಮ ನಾಡಿಗೆ ಬಂತು, ನಮ್ಮ ಪೂರ್ವಜರ ದೇವರುಗಳನ್ನು ಓಡಿಸಿತು, ಆದ್ದರಿಂದ ಇದು ಸೇಡು. ಬಲಪ್ರಯೋಗ ನಡೆದದ್ದು ಸುಳ್ಳಲ್ಲ. 1030ರಲ್ಲಿ ಸ್ಟಿಕ್ಲೆಸ್ಟಾಡ್ ಕಾಳಗದಲ್ಲಿ ಮಡಿದು ಸಂತನೆನಿಸಿಕೊಂಡ ಓಲಾವ್ ದೊರೆ ಮತಾಂತರದ ವಿಷಯದಲ್ಲಿ ಮೃದುವಾಗಿರಲಿಲ್ಲ. ಆದರೆ ಈ ಮರದ ಚರ್ಚುಗಳು ಏನು? ಒಂದು ಕಾಲಕ್ಕೆ ಸಾವಿರದ ಆಸುಪಾಸು ಇದ್ದು, ಈಗ 28 ಮಾತ್ರ ಉಳಿದಿವೆ. ಹಡಗು ಕಟ್ಟುವ ಬಡಗಿಗಳ ನಾಡಿನ ಕೈಕೆಲಸ ಅವುಗಳಲ್ಲಿದೆ. ಸೂರಿನ ತುದಿಯಲ್ಲಿ ಡ್ರ್ಯಾಗನ್ ತಲೆಗಳು, ಬಾಗಿಲುವಾಡದಲ್ಲಿ ಹೆಣೆದುಕೊಂಡ ಮೃಗಗಳು, ಬಳ್ಳಿಗಳು. ಹಿಲೆಸ್ಟಾಡ್ ಎಂಬಲ್ಲಿನ ಚರ್ಚಿನ ಬಾಗಿಲುವಾಡ ಈಗ ಓಸ್ಲೋ ವಸ್ತುಸಂಗ್ರಹಾಲಯದಲ್ಲಿದೆ. ಅದರ ಮೇಲೆ ಕೆತ್ತಿರುವುದು ಏಸುವಿನ ಕಥೆಯಲ್ಲ, ಹಳೆಯ ವೀರ ಸಿಗುರ್ಡ್ ಫಾಫ್ನಿರ್ ಎಂಬ ಡ್ರ್ಯಾಗನ್ನನ್ನು ಕೊಂದ ಕಥೆ. ಯಾವ ಪೂರ್ವಜರಿಗಾಗಿ ಬೆಂಕಿ ಇಡುತ್ತೇವೆಂದು ಇವರು ಹೇಳಿಕೊಂಡರೋ ಆ ಪೂರ್ವಜರ ಕೈಬರಹವೇ ಈ ಕಟ್ಟಡಗಳಲ್ಲಿ ಉಳಿದಿತ್ತು. ತಾತನ ಮೇಲಿನ ಪ್ರೀತಿಗಾಗಿ ತಾತನ ಪೆಟ್ಟಿಗೆಗೇ ಕಿಚ್ಚಿಟ್ಟ ಹಾಗೆ.

ಆ ವರ್ಷದ ಆಗಸ್ಟ್ 21ರ ರಾತ್ರಿ ಲಿಲ್ಲೆಹಾಮರ್ ಪಟ್ಟಣದಲ್ಲಿ ಕೊಲೆಯಾಯಿತು. 1994ರ ಚಳಿಗಾಲದ ಒಲಿಂಪಿಕ್ಸಿಗಾಗಿ ಸಿದ್ಧವಾಗುತ್ತಿದ್ದ ಉದ್ಯಾನದ ಬಳಿ ಒಬ್ಬ ಸಲಿಂಗಕಾಮಿ ವ್ಯಕ್ತಿ ಫೌಸ್ಟ್‌ನನ್ನು ಮಾತನಾಡಿಸಿದ. ಇಬ್ಬರೂ ಕಾಡಿನ ಕಡೆ ನಡೆದರು. ಅಲ್ಲಿ ಫೌಸ್ಟ್ ಅವನನ್ನು ಚಾಕುವಿನಿಂದ ಇರಿದು ಕೊಂದ. ಇಬ್ಬರ ನಡುವೆ ಹಳೆಯ ಪರಿಚಯವಾಗಲಿ ಜಗಳವಾಗಲಿ ಇರಲಿಲ್ಲ. ಕೊಂದವನಿಗೆ ಆಗ ಹದಿನೆಂಟು ವರ್ಷ. ಕೆಲವೇ ದಿನಗಳಲ್ಲಿ ಅವನೂ ಯೂರೋನಿಮಸ್‌ನೂ ಬರ್ಗೆನ್ನಿನ ವಾರ್ಗ್ ವಿಕರ್ನೆಸ್ ಎಂಬವನೂ ಸೇರಿ ಓಸ್ಲೋದ ಹೋಲ್ಮೆನ್‌ಕೋಲೆನ್ ಪ್ರಾರ್ಥನಾಮಂದಿರವನ್ನು ಸುಟ್ಟರು. ಸೆಪ್ಟೆಂಬರಿನಲ್ಲಿ ಅದೇ ವಿಕರ್ನೆಸ್ ಜೊತೆಗೂಡಿ ಸಮೋತ್ ಪಶ್ಚಿಮ ತೀರದ ಸ್ಕೋಲ್ಡ್ ಚರ್ಚನ್ನು ಸುಟ್ಟ. ಕೊಲೆಯ ಸುದ್ದಿ ಆ ವರ್ತುಲದ ಕೆಲವರಿಗೆ ತಿಳಿದಿತ್ತು. ಯಾರೂ ಬಾಯಿ ಬಿಡಲಿಲ್ಲ. ಪೊಲೀಸರಿಗೆ ಸುಮಾರು ಒಂದು ವರ್ಷ ಯಾವ ಸುಳಿವೂ ಸಿಗಲಿಲ್ಲ. ಮೇಲೆ ಹೇಳಿದ 'ಭೂಗತ' ಎಂಬ ಪದದ ಎರಡು ಅರ್ಥಗಳೂ ಇಲ್ಲಿ ಒಂದಾಗಿಬಿಟ್ಟವು.

ಹೊರಗೆ ತಂಡದ ಬೆಳವಣಿಗೆ ಮಾತ್ರ ನಿಲ್ಲಲಿಲ್ಲ. ಡಿಸೆಂಬರಿನಲ್ಲಿ ಕೆಲವು ಹಾಡುಗಳನ್ನು ಮುದ್ರಿಸಿದರು. 1993ರಲ್ಲಿ ಇಂಗ್ಲೆಂಡಿನ ಕ್ಯಾಂಡಲ್‌ಲೈಟ್ ಎಂಬ ಪುಟ್ಟ ಕಂಪನಿ ಅವನ್ನು ಹೊರತಂದಿತು. ಚೋರ್ಟ್ ಎಂಬ ಅಡ್ಡಹೆಸರಿನ ಹೊಸ ಬೇಸ್ ವಾದಕ ಬಂದ. ಸ್ಲಾವ್ ಭಾಷೆಗಳಲ್ಲಿ ಆ ಪದಕ್ಕೆ ಸೈತಾನನೆಂದು ಅರ್ಥ. ನಮ್ಮ ಕಿವಿಗೆ ಚೋರ ಎಂದೇ ಕೇಳಿಸುತ್ತದೆ, ಮುಂದೆ ಕಳವಿನ ಪ್ರಕರಣದಲ್ಲಿಯೂ ಸಿಕ್ಕಿಬಿದ್ದ. ಬೇಸಗೆಯಲ್ಲಿ ಇಂಗ್ಲೆಂಡಿನಲ್ಲಿ ಕಛೇರಿಗಳಾದವು. ಕ್ರೇಡಲ್ ಆಫ್ ಫಿಲ್ತ್ ಎಂಬ ಇಂಗ್ಲಿಷ್ ತಂಡ ಜೊತೆಯಲ್ಲಿತ್ತು. ಅಲ್ಲಿಂದ ಮರಳಿ ಜುಲೈ ತಿಂಗಳಿನಲ್ಲಿ ಬರ್ಗೆನ್ನಿಗೆ ಹೋದರು.

ಬರ್ಗೆನ್ ಎಂದರೆ ನಾರ್ವೆಯ ಮಹಾ ವಾಗ್ಗೇಯಕಾರ ಎಡ್ವರ್ಡ್ ಗ್ರೀಗ್ ಹುಟ್ಟಿದ ಊರು. ಅವರ ಹೆಸರಿನಲ್ಲಿ 1978ರಲ್ಲಿ ಅಲ್ಲಿ ತೆರೆದ ಗ್ರೀಗ್‌ಹಾಲೆನ್ ಎಂಬ ಸಭಾಂಗಣ ಬರ್ಗೆನ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದ ನೆಲೆ. ಆ ವಾದ್ಯವೃಂದದ ಮೂಲ 1765ಕ್ಕೆ ಹೋಗುತ್ತದೆ. ನಮ್ಮಲ್ಲಿ ಹೈದರಾಲಿಯ ಕಾಲ. ಅದೇ ಕಟ್ಟಡದೊಳಗೆ ಒಂದು ಧ್ವನಿಮುದ್ರಣ ಕೊಠಡಿ. ಅಲ್ಲಿನ ತಂತ್ರಜ್ಞ ಐರಿಕ್ ಹುಂಡ್ವಿನ್, ಎಲ್ಲರ ಬಾಯಲ್ಲಿ ಪಿಟ್ಟೆನ್. ತಾವೇ ಬೇಸ್ ವಾದಕರಾಗಿದ್ದವರು, ಈ ಹುಡುಗರಿಗಿಂತ ಒಂದು ತಲೆಮಾರು ಹಿರಿಯರು. ಮುಖಕ್ಕೆ ಬಣ್ಣ ಬಳಿದ ಈ ಮಕ್ಕಳ ಸಂಗೀತವನ್ನು ಮೂಗು ಮುರಿಯದೆ ಕೇಳಿಸಿಕೊಂಡು ಮುದ್ರಿಸಿದವರು ಅವರು. ನಾರ್ವೆಯ ಬ್ಲ್ಯಾಕ್ ಮೆಟಲ್‌ನ ಪ್ರಮುಖ ಧ್ವನಿಮುದ್ರಿಕೆಗಳಲ್ಲಿ ಹಲವು ಅವರ ಕೈಯಿಂದಲೇ ಹೊರಬಂದವು. ಈ ಇಡೀ ಕಥೆಯಲ್ಲಿ ನನಗೆ ಹತ್ತಿರದವರೆನಿಸಿದ ಹಿರಿಯರು ಅವರೊಬ್ಬರೇ.

ಹಾಗೆ ಸಿದ್ಧವಾದದ್ದು 'ಇನ್ ದ ನೈಟ್‌ಸೈಡ್ ಎಕ್ಲಿಪ್ಸ್'. ಎಂಟು ಹಾಡುಗಳು, ಐವತ್ತು ನಿಮಿಷಕ್ಕೆ ಸ್ವಲ್ಪ ಕಡಿಮೆ. ಹಾಡುವುದು ಮತ್ತು ಗಿಟಾರಿನ ಜೊತೆಗೆ ಕೀಬೋರ್ಡನ್ನೂ ನುಡಿಸಿದವನು ಹದಿನೇಳು ವರ್ಷದ ಇಸಾನ್. ಉಳಿದವರೂ ಇಪ್ಪತ್ತು ದಾಟಿದವರಲ್ಲ.

ಮೊದಲ ಸಲ ಕೇಳಿದಾಗ ನನಗೆ ಗದ್ದಲವೊಂದೇ ಕೇಳಿಸಿತು ಎಂದರೆ ಯಾರೂ ನಗಬೇಡಿ. ಮೂರನೆಯ ಸಲಕ್ಕೆ ಅದರ ರಚನೆ ತಿಳಿಯತೊಡಗಿತು. ಮ್ಯಾಂಡೊಲಿನ್ ನುಡಿಸುವವರು ಒಂದೇ ಸ್ವರವನ್ನು ಉಳಿಸಲು ತಂತಿಯನ್ನು ಬಿಡುವಿಲ್ಲದೆ ಅತ್ತಿತ್ತ ಮೀಟುವುದನ್ನು ನೋಡಿದ್ದೀರಲ್ಲವೆ? ಗಿಟಾರಿನ ಕೆಲಸ ಇಲ್ಲಿ ಹಾಗಿದೆ, ಅದರ ಅನೇಕ ಪಟ್ಟು ವೇಗದಲ್ಲಿ. ಡ್ರಮ್ಸ್ ಅದಕ್ಕೆ ಸರಿಯಾಗಿ ಮಳೆ ಹೊಯ್ದಂತೆ. ಇವೆರಡರ ಮೇಲೆ ಕೀಬೋರ್ಡಿನಿಂದ ಹೊಮ್ಮುವ ಪಿಟೀಲುವೃಂದದ, ಗಾಯನವೃಂದದ ಅನುಕರಣೆ. ಅದು ಮಾತ್ರ ಬಹಳ ನಿಧಾನ. ಓಡುವ ರೈಲಿನ ಕಿಟಕಿಯಲ್ಲಿ ಕುಳಿತರೆ ಹತ್ತಿರದ ತಂತಿಕಂಬಗಳು ಸರ್ರನೆ ಹಿಂದೋಡುತ್ತವೆ, ದೂರದ ಬೆಟ್ಟ ಮಾತ್ರ ಮೆಲ್ಲನೆ ತಿರುಗುತ್ತದೆ. ಈ ಸಂಗೀತದ ಗುಟ್ಟು ಅದೇ. ಕಿವಿ ಕಂಬಗಳನ್ನು ಬಿಟ್ಟು ಬೆಟ್ಟವನ್ನು ಹಿಡಿಯಲು ಕಲಿತರೆ ಅದರ ಗಾಂಭೀರ್ಯ ಗೋಚರಿಸುತ್ತದೆ. ಪಾಶ್ಚಾತ್ಯ ವಾದ್ಯವೃಂದದ ಈ ಮೇಲುಹೊದಿಕೆಯ ಕಾರಣದಿಂದ ಇದಕ್ಕೆ ಸಿಂಫನಿಕ್ ಬ್ಲ್ಯಾಕ್ ಮೆಟಲ್ ಎಂಬ ಹೆಸರು ಬಂತು. ಚಲನಚಿತ್ರಗಳ ಹಿನ್ನೆಲೆ ಸಂಗೀತ ತನ್ನ ಮೇಲೆ ಆಳವಾದ ಪ್ರಭಾವ ಬೀರಿತೆಂದು ಇಸಾನ್ ಹೇಳಿಕೊಂಡಿದ್ದಾನೆ. ಇವರಿಗೆ ನಿಜವಾದ ವಾದ್ಯವೃಂದ ಸಿಗಲಿಲ್ಲ, ದುಡ್ಡೂ ಇರಲಿಲ್ಲ. ಗೋಡೆಯಾಚೆ ಆ ದೇಶದ ಹೆಸರಾಂತ ವಾದ್ಯವೃಂದದ ನೆಲೆ. ಗೋಡೆಯೀಚೆ ಅದನ್ನು ಯಂತ್ರದಿಂದ ಅನುಕರಿಸುವ ಹುಡುಗ.

ನನಗೆ ಬಹಳ ಹೊತ್ತು ಯೋಚನೆಗೆ ಹಚ್ಚಿದ ಸಂಗತಿ ಇನ್ನೊಂದಿದೆ. ಕೀಬೋರ್ಡಿನಲ್ಲಿ ಅವನು ನುಡಿಸುತ್ತಿರುವುದು ಬಹುಪಾಲು ಗಾಯನವೃಂದ, ಆರ್ಗನ್‌ನಂತಹ ದೀರ್ಘ ಸ್ವರಗಳು. ಯೂರೋಪಿನಲ್ಲಿ ಆ ನಾದ ಬೆಳೆದದ್ದು ಎಲ್ಲಿ? ಚರ್ಚಿನೊಳಗೆ. ಎತ್ತರದ ಚಾವಣಿ, ಕತ್ತಲೆ, ಮೇಲಿನಿಂದ ಇಳಿದುಬರುವ ಸಾಮೂಹಿಕ ಗಾಯನ ಇವುಗಳಿಂದ ಹುಟ್ಟುವ ಭಯಭಕ್ತಿಯನ್ನೇ ಈ ಹುಡುಗ ತನ್ನ ಸಂಗೀತದ ದೇಹವಾಗಿ ಮಾಡಿಕೊಂಡ. ಪಕ್ಕದಲ್ಲಿ ಗಿಟಾರ್ ಹಿಡಿದಿದ್ದವನು ಹತ್ತು ತಿಂಗಳ ಹಿಂದೆ ಒಂದು ಚರ್ಚನ್ನು ಸುಟ್ಟು ಬಂದಿದ್ದ. ಹಾಡಿನ ಮಾತು ಚರ್ಚನ್ನು ಶಪಿಸುತ್ತದೆ, ನಾದವಂತೂ ಅದರ ಸಾಲದಲ್ಲಿಯೇ ಬದುಕುತ್ತದೆ. ಇದನ್ನು ಬರಿಯ ಕಪಟವೆಂದು ತಳ್ಳಿಹಾಕಲು ನನ್ನಿಂದಾಗದು. ತಾನು ದ್ವೇಷಿಸುತ್ತೇನೆಂದುಕೊಂಡ ಪರಂಪರೆ ಎಷ್ಟು ಒಳಗೆ ಇಳಿದಿದೆಯೆಂದು ಹದಿನೇಳು ವರ್ಷದವನಿಗೆ ತಿಳಿದಿರುವುದಿಲ್ಲ.

ಡ್ರಮ್ಸಿನ ವಿಚಾರವೂ ಹಾಗೆಯೇ. ಆ ಐವತ್ತು ನಿಮಿಷದ ವೇಗ, ಕರಾರುವಾಕ್ಕಾದ ಪೆಟ್ಟು ಇವನ್ನು ತಜ್ಞರು ಈಗಲೂ ಹೊಗಳುತ್ತಾರೆ. ಅದನ್ನು ಬಾರಿಸುತ್ತಿದ್ದವನು ಹನ್ನೊಂದು ತಿಂಗಳಿನಿಂದ ಒಂದು ಹೆಣದ ಗುಟ್ಟನ್ನು ಒಡಲಲ್ಲಿಟ್ಟುಕೊಂಡಿದ್ದ.

ಧ್ವನಿಮುದ್ರಣವಾದ ಮರು ತಿಂಗಳೇ, 1993ರ ಆಗಸ್ಟ್ 10ರಂದು, ಯೂರೋನಿಮಸ್ ಓಸ್ಲೋದ ತನ್ನ ಮನೆಯಲ್ಲಿ ಕೊಲೆಯಾದ. ಕೊಂದವನು ವಿಕರ್ನೆಸ್. ಆ ತನಿಖೆಯಲ್ಲಿ ಪೊಲೀಸರು ಎಳೆದ ದಾರಕ್ಕೆ ಉಳಿದದ್ದೆಲ್ಲ ಬಿಚ್ಚಿಕೊಂಡಿತು. ಫೌಸ್ಟ್ ಬಂಧಿತನಾಗಿ ಲಿಲ್ಲೆಹಾಮರ್ ಕೊಲೆಯನ್ನು ಒಪ್ಪಿಕೊಂಡ; 1994ರಲ್ಲಿ ಅವನಿಗೆ 14 ವರ್ಷ ಸೆರೆಮನೆಯಾಯಿತು. ವಿಕರ್ನೆಸ್‌ಗೆ 21 ವರ್ಷ. ನಾರ್ವೆಯಲ್ಲಿ ಅದೇ ಗರಿಷ್ಠ ಶಿಕ್ಷೆಯಾಗಿತ್ತು. ಸಮೋತ್‌ಗೆ ಚರ್ಚು ಸುಟ್ಟದ್ದಕ್ಕಾಗಿ 16 ತಿಂಗಳು. ಚೋರ್ಟ್ ಕೂಡ ಬೇರೆ ಅಪರಾಧಗಳಿಗಾಗಿ ಒಳಗೆ ಹೋದ. 1994ರಲ್ಲಿ ಧ್ವನಿಮುದ್ರಿಕೆ ಹೊರಬಂತು. ಸ್ವೀಡನ್ನಿನ ಚಿತ್ರಕಾರ ಕ್ರಿಸ್ಟಿಯಾನ್ ವಾಹ್ಲಿನ್ ಬರೆದ ನೀಲಿ ಕತ್ತಲೆಯ ಮುಖಪುಟ, ಬೆಟ್ಟ, ಕೋಟೆ, ಕಾಡು. ಅದನ್ನು ನುಡಿಸಿದ ನಾಲ್ವರಲ್ಲಿ ಮೂವರು ಕಾನೂನಿನ ಕೈಗೆ ಸಿಕ್ಕಿದ್ದರು. ಯಾವ ಅಪರಾಧದಲ್ಲಿಯೂ ಭಾಗಿಯಾಗದೆ ಹೊರಗುಳಿದವನು ಇಸಾನ್ ಒಬ್ಬನೇ.

ಈ ಕೊನೆಯ ವಾಕ್ಯವನ್ನು ಪಾಲಕರು ಗಮನಿಸಬೇಕು. ಇಂತಹ ಸಂಗೀತ ಕೇಳಿದರೆ ಮಕ್ಕಳು ಕೊಲೆಗಾರರಾಗುತ್ತಾರೆ ಎಂಬ ಗುಲ್ಲು ಆಗಲೇ ಎದ್ದಿತ್ತು, ಇಂದಿಗೂ ಇದೆ. ಒಂದೇ ಊರು, ಒಂದೇ ಹಾಡು, ಒಂದೇ ವೇಷ. ಒಬ್ಬ ಬೆಂಕಿ ಇಟ್ಟ, ಇನ್ನೊಬ್ಬ ಸ್ವರ ಜೋಡಿಸುತ್ತ ಕುಳಿತ. ಸಂಗೀತವೇ ಕಾರಣವೆನ್ನುವವರು ಇದನ್ನು ವಿವರಿಸಲಾರರು. ಹಾಗೆಂದು ಕಲೆ ಬೇರೆ, ಕೊಲೆ ಬೇರೆ ಎಂದು ಕೈ ತೊಳೆದುಕೊಳ್ಳುವ ರಸಿಕರನ್ನೂ ನಾನು ಒಪ್ಪುವುದಿಲ್ಲ. ಆ ಅಪರಾಧಗಳು ಈ ಸಂಗೀತದ ಜಾಹೀರಾತಾದವು. ತಂಡಗಳ ಹೆಸರು ಊರೂರಿಗೆ ಹಬ್ಬಿದ್ದರಲ್ಲಿ ಬೆಂಕಿಯ ಪಾಲು ಸ್ವರದ ಪಾಲಿಗಿಂತ ಕಡಿಮೆಯದಲ್ಲ. 1998ರಲ್ಲಿ ಬಂದ 'ಲಾರ್ಡ್ಸ್ ಆಫ್ ಕೇಯಾಸ್' ಎಂಬ ಪುಸ್ತಕ, 2018ರಲ್ಲಿ ಅದೇ ಹೆಸರಿನ ಚಲನಚಿತ್ರ, ಸಾಕ್ಷ್ಯಚಿತ್ರಗಳು, ಲೇಖನಗಳು ಒಂದರ ಮೇಲೊಂದು ಬಂದಿವೆ. ನಾನು ಓದಿದವುಗಳಲ್ಲಿ ಹೆಚ್ಚಿನವು ಕೊಂದವನ ಬಗ್ಗೆ ಪುಟಗಟ್ಟಲೆ ಹೇಳುತ್ತವೆ. ಅವನು ಯಾವ ಪತ್ರಿಕೆ ನಡೆಸಿದ, ಯಾವ ಅಂಗಡಿಯಲ್ಲಿ ಕೆಲಸ ಮಾಡಿದ, ಸೆರೆಮನೆಯಲ್ಲಿ ಏನು ಕೇಳಿದ. ಸತ್ತವನಿಗೆ ಒಂದು ಸಾಲು. ಆ ಸಾಲಿನಲ್ಲಿಯೂ 'ಒಬ್ಬ ವ್ಯಕ್ತಿ'. ಅವನ ಕಡೆಯವರ ಮನಸ್ಸನ್ನು ನೆನೆದು ನಾನೂ ಹೆಸರನ್ನು ಬರೆಯುತ್ತಿಲ್ಲ. ಆದರೆ ಈ ಕಥೆಯನ್ನು ರೋಚಕವೆಂದು ಓದುವ ತರುಣರು, ಅಣ್ಣನ ಮಗನೂ ಸೇರಿ, ಆ ಒಂದು ಸಾಲಿನ ಹತ್ತಿರ ಸ್ವಲ್ಪ ನಿಧಾನಿಸಲಿ.

ಫೌಸ್ಟ್ ಒಂಬತ್ತು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದು ಹೊರಬಂದ. ಅಷ್ಟರಲ್ಲಿ ಇಸಾನ್ ಮತ್ತು ಸಮೋತ್ ಬೇರೆ ವಾದಕರೊಡನೆ ಇನ್ನೂ ಮೂರು ಧ್ವನಿಮುದ್ರಿಕೆಗಳನ್ನು ಮಾಡಿ 2001ರಲ್ಲಿ ತಂಡವನ್ನು ನಿಲ್ಲಿಸಿದ್ದರು. ಅನಂತರ ಆಗಾಗ ಒಟ್ಟುಗೂಡಿ ಕಛೇರಿಗಳನ್ನು ನಡೆಸಿದ್ದುಂಟು. 2014ರಲ್ಲಿ, ಮೊದಲ ಧ್ವನಿಮುದ್ರಿಕೆಗೆ ಇಪ್ಪತ್ತು ವರ್ಷವಾದ ನೆನಪಿಗೆ, ಜರ್ಮನಿಯ ವಾಕೆನ್ ಮೊದಲಾದ ಉತ್ಸವಗಳಲ್ಲಿ ಅದನ್ನು ಮೊದಲಿನಿಂದ ಕೊನೆಯವರೆಗೆ ನುಡಿಸಿದರು. ಡ್ರಮ್ಸಿನ ಹಿಂದೆ ಕುಳಿತವನು ಫೌಸ್ಟ್. ಶಿಕ್ಷೆ ಅನುಭವಿಸಿ ಬಂದವನಿಗೆ ಬಾಳಲು, ತನ್ನ ಕಸುಬು ಮಾಡಲು ಹಕ್ಕಿದೆಯೆಂಬುದು ನಾಗರಿಕ ಸಮಾಜದ ನಿಯಮ. ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಆ ಕಛೇರಿಯ ಚಿತ್ರವನ್ನು ನೋಡಿದಾಗ ಮಾತ್ರ ಸಾವಿರಾರು ಕೈಗಳು ಮೇಲೆದ್ದ ಆ ಸಂಭ್ರಮದಲ್ಲಿ ನನ್ನ ಕೈ ಏಳಲಿಲ್ಲ.

ಸುಟ್ಟ ಕಟ್ಟಡಗಳ ಸಮಾಚಾರವನ್ನೂ ಹೇಳಿಬಿಡುತ್ತೇನೆ. ಹೋಲ್ಮೆನ್‌ಕೋಲೆನ್ ಮಂದಿರವನ್ನು 1996ರಲ್ಲಿಯೂ ಫಾಂಟಾಫ್ಟ್ ಚರ್ಚನ್ನು 1997ರಲ್ಲಿಯೂ ಮತ್ತೆ ಕಟ್ಟಿ ಮುಗಿಸಿದರು. ಹಳೆಯದರ ಅಳತೆಗೆ ತಕ್ಕಂತೆ ಹೊಸ ಮರವನ್ನು ಕೆತ್ತಿದ್ದಾರೆ. 12ನೆಯ ಶತಮಾನದ ಉಳಿಯ ಗುರುತನ್ನು ಕೆತ್ತಲು ಯಾರಿಗೂ ಬರುವುದಿಲ್ಲ. ಹೆಡ್ಡಾಲ್ ಚರ್ಚು ಮಾತ್ರ, ಆ ಹುಡುಗರ ಮನೆಯ ಬಾಗಿಲಲ್ಲಿಯೇ ಇದ್ದದ್ದು, ಹಾಗೆಯೇ ಉಳಿದಿದೆ.

ಇನ್ನು ಇಸಾನ್. ಇಲ್ಲಿಂದ ಮುಂದೆ ಬಹುವಚನ ಬಳಸುತ್ತೇನೆ, ಏಕೆಂದರೆ ಅವರು ನಮ್ಮ ವೃತ್ತಿಗೇ ಬಂದರು. ಊರು ಬಿಡದೆ ನೋಟೊಡೆನ್‌ನಲ್ಲಿಯೇ ನೆಲೆಸಿ ಅಲ್ಲಿನ ಮಕ್ಕಳಿಗೆ ಸಂಗೀತ ಪಾಠ ಹೇಳಿದರು. 2001ರಲ್ಲಿ ಅದೇ ಊರಿನಲ್ಲಿ ಹುಟ್ಟಿದ ಲೆಪ್ರಸ್ ಎಂಬ ತಂಡದ ಗಾಯಕ ಐನಾರ್ ಸೋಲ್ಬರ್ಗ್ ಅವರ ಹೆಂಡತಿಯ ತಮ್ಮ. ಮುಂದೆ ಇಸಾನ್ ಅವರ ಕಛೇರಿಗಳಿಗೆ ಪಕ್ಕವಾದ್ಯ ನುಡಿಸಿದ್ದು ಆ ತಂಡವೇ. 2006ರಿಂದ ಸ್ವಂತ ಹೆಸರಿನಲ್ಲಿ ಧ್ವನಿಮುದ್ರಿಕೆಗಳನ್ನು ತರುತ್ತಿದ್ದಾರೆ. 2024ರ ಫೆಬ್ರವರಿಯಲ್ಲಿ ಬಂದದ್ದನ್ನು ಎರಡು ರೂಪದಲ್ಲಿ ಹೊರತಂದರು: ಒಂದರಲ್ಲಿ ಗಿಟಾರು, ಡ್ರಮ್ಸು, ಆ ಹಳೆಯ ಕೂಗು, ಇನ್ನೊಂದರಲ್ಲಿ ಅದೇ ಕೃತಿಗಳು, ವಾದ್ಯವೃಂದಕ್ಕೆಂದು ಅವರೇ ಬರೆದದ್ದು ಮಾತ್ರ. ಎರಡನೆಯದನ್ನು ಮನೆಯಲ್ಲಿ ದೊಡ್ಡದಾಗಿ ಹಾಕಿದಾಗ ಯಾರೂ ಆಕ್ಷೇಪಿಸಲಿಲ್ಲ.